ಶಾಸಕರ ಮತಕ್ಕೆ 131: ಅನ್ಯಾಯ ಇರುವುದೆಲ್ಲಿ?

ಓದುಗರ ಪತ್ರದ ಸಾರ: ರಾಷ್ಟ್ರಪತಿ ಚುನಾವಣೆಯಲ್ಲಿ ಉತ್ತರ ಪ್ರದೇಶದ ಶಾಸಕರ ಮತಮೌಲ್ಯ 208, ಕರ್ನಾಟಕದವರದು ಬರೀ 131. ದೇಶದ ಎಲ್ಲ ಶಾಸಕರಿಗೂ ಒಂದೇ ಮೌಲ್ಯ ನಿಗದಿ ಮಾಡಬಾರದೇಕೆ?

ಸಂಪಾದಕರ ಉತ್ತರ:

ಮಾಡಿದರೆ ಜನಸಂಖ್ಯೆಗೂ ಮತಕ್ಕೂ ಇರುವ ನಂಟೇ ತಪ್ಪಿಹೋಗುತ್ತದೆ. 131 ಹೇಗೆ ಬಂತು ನೋಡಿ. 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2,92,99,014. ಇದನ್ನು 224 ಶಾಸಕರಿಗೆ ಹಂಚಿದರೆ ತಲಾ 1,30,799. ಸಾವಿರಕ್ಕೊಂದರಂತೆ 130 ಮತ. ಶೇಷ 500 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೊಂದು. ಇಲ್ಲಿ ಶೇಷ 799, ಹಾಗಾಗಿ 131. ನಮ್ಮಲ್ಲಿ 140 ಶಾಸಕರಷ್ಟೇ ಇದ್ದಿದ್ದರೆ ಮೌಲ್ಯ 209 ಆಗುತ್ತಿತ್ತು, ಆದರೆ ರಾಜ್ಯದ ಒಟ್ಟು ಬಲ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಸಿಕ್ಕಿಂ ಶಾಸಕರೊಬ್ಬರ ಪಾಲಿಗೆ ಬರುವುದು ಸುಮಾರು 6,500 ಜನ, ಮತಮೌಲ್ಯ 7. ಅವರಿಗೂ ನಮ್ಮವರಿಗೂ ಸಮಾನ ಮತ ಕೊಟ್ಟರೆ ಅದು ನ್ಯಾಯವಾದೀತೇ?

ನಿಜವಾದ ತೊಡಕಿರುವುದು 1971 ಎಂಬ ಇಸವಿಯಲ್ಲಿ. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂದು ಸಂವಿಧಾನದ 1976ರ 42ನೇ ತಿದ್ದುಪಡಿ ಆ ಅಂಕಿಯನ್ನೇ ಕಾಯಂ ಮಾಡಿತು. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ರಾಜಸ್ಥಾನದ ಶಾಸಕರ ಮೌಲ್ಯ ಇಂದಿಗೂ 129, ನಮಗಿಂತ ಎರಡು ಕಡಿಮೆ. 2011ರ ಜನಸಂಖ್ಯೆ ಹಿಡಿದರೆ ಅವರದು 343, ನಮ್ಮದು 273. ಆ ಹೆಚ್ಚುವರಿ ಜನರೂ ಈ ದೇಶದ ಪ್ರಜೆಗಳೇ. ಲೋಕಸಭಾ ಸ್ಥಾನ ಕಡಿಮೆಯಾಗುವುದನ್ನು ದಕ್ಷಿಣದ ರಾಜ್ಯಗಳು ವಿರೋಧಿಸಲು ಬಲವಾದ ಕಾರಣಗಳಿವೆ, ಏಕೆಂದರೆ ಕಾನೂನು ಮತ್ತು ಬಜೆಟ್ ಅಲ್ಲಿ ತೀರ್ಮಾನವಾಗುತ್ತವೆ. ರಾಷ್ಟ್ರಪತಿ ಚುನಾವಣೆಗೆ ಆ ವಾದ ಒಪ್ಪುವುದಿಲ್ಲ. ನಮ್ಮ ಪಾಲು ತುಸು ಇಳಿದರೂ ಇಲ್ಲಿ ಇಂದಿನ ಜನಸಂಖ್ಯೆಯೇ ಲೆಕ್ಕಕ್ಕೆ ಬರಬೇಕು ಎಂಬುದು ನಮ್ಮ ಖಚಿತ ನಿಲುವು.

ಇನ್ನೊಂದು ಲೋಪದ ಬಗ್ಗೆ ಚರ್ಚೆಯೇ ಆಗುತ್ತಿಲ್ಲ. 2022ರ ರಾಷ್ಟ್ರಪತಿ ಚುನಾವಣೆಯ ವೇಳೆ ಜಮ್ಮು-ಕಾಶ್ಮೀರಕ್ಕೆ ವಿಧಾನಸಭೆ ಇರಲಿಲ್ಲ. 2017ರಲ್ಲಿ ಲೆಕ್ಕದಲ್ಲಿದ್ದ 87 ಸ್ಥಾನಗಳ ತಲಾ 72, ಅಂದರೆ 6,264 ಮತಗಳು ಹಾಗೇ ಬಿಟ್ಟುಹೋದವು. ಶಾಸಕರ ಒಟ್ಟು ಮೌಲ್ಯವನ್ನು 776 ಸಂಸದರಿಗೆ ಹಂಚಿ ಸಂಸದರ ಮೌಲ್ಯ ನಿರ್ಧರಿಸುವುದರಿಂದ ಅದೂ 708ರಿಂದ 700ಕ್ಕೆ ಇಳಿಯಿತು. 1974ರಲ್ಲಿ ಗುಜರಾತ್ ವಿಧಾನಸಭೆ ವಿಸರ್ಜನೆಯಾಗಿದ್ದಾಗಲೂ ಚುನಾವಣೆ ನಿಲ್ಲಲಿಲ್ಲ. ಹೀಗೆ ಸ್ಥಾನಗಳು ಖಾಲಿ ಇದ್ದವೆಂದು ಆಯ್ಕೆಯನ್ನು ಪ್ರಶ್ನಿಸಲು ಸಂವಿಧಾನದ 71(4)ನೇ ವಿಧಿ ಬಿಡುವುದಿಲ್ಲ. ವಿಧಾನಸಭೆ ಇಲ್ಲದಾಗ ಆ ರಾಜ್ಯದ ಮತಗಳನ್ನು ಅಲ್ಲಿನ ಲೋಕಸಭಾ ಸದಸ್ಯರಿಗೆ ಹಂಚುವ ನಿಯಮ ಬೇಕು. ಅದಕ್ಕೆ ಮತಮೌಲ್ಯದ ಲೆಕ್ಕ ಹೇಳುವ 55ನೇ ವಿಧಿಯನ್ನೇ ತಿದ್ದಬೇಕು: ಸಂಸತ್ತಿನಲ್ಲಿ ವಿಶೇಷ ಬಹುಮತ, ಜತೆಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಅನುಮೋದನೆ.

ಮತಮೌಲ್ಯ ಬದಲಾಗಲು ಮಾತ್ರ ಕ್ಷೇತ್ರ ಮರುವಿಂಗಡಣೆಗೆ ಕಾಯಬೇಕಿಲ್ಲ. ಹೊಸ ಜನಗಣತಿಯ ಅಂಕಿ ಪ್ರಕಟವಾದರೆ 55ನೇ ವಿಧಿಯ ವಿವರಣೆಯಂತೆ ಅದೇ ಆಧಾರ. ಆ ಜನಗಣತಿಗೆ ದೇಶದ ಬಹುಭಾಗದಲ್ಲಿ ನಿಗದಿಯಾದ ದಿನ 2027ರ ಮಾರ್ಚ್ 1. ಈಗಿನ ರಾಷ್ಟ್ರಪತಿಯವರ ಅವಧಿ ಮುಗಿಯುವುದು ಅದೇ ವರ್ಷದ ಜುಲೈನಲ್ಲಿ. ಚುನಾವಣೆಗೆ ಮೊದಲು ಅಂಕಿ ಹೊರಬೀಳದಿದ್ದರೆ ನಮ್ಮ ಶಾಸಕರು ಈ ಸಲವೂ 131ರ ಲೆಕ್ಕದಲ್ಲೇ ಮತ ಹಾಕುತ್ತಾರೆ.