ಲಾಭ ಜಾಸ್ತಿ ಬಂದ್ರೂ ಶೇರು ಯಾಕೆ ಬಿತ್ತು?

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ಅಡಿಕೆ ತೋಟ. ಈ ಸಲ ರಾಶಿ ಮಾರಿದ ದುಡ್ಡಲ್ಲಿ ಒಂದ್ ಲಕ್ಷ ಶೇರಿಗೆ ಹಾಕಿದೀನಿ. ಕಂಪನಿ ಲಾಭ ಜಾಸ್ತಿ ಆಗಿದೆ ಅಂತ ಟಿವೀಲಿ ಹೇಳಿದ್ರು, ನೋಡಿದ್ರೆ ಅವತ್ತೇ ಶೇರು ಬಿತ್ತು. ಇದ್ಯಾವ ಲೆಕ್ಕ? ನಮ್ಮ ಭಾವ ಇಂಟ್ರಾಡೇ (ಅವತ್ತೇ ಕೊಂಡು ಅವತ್ತೇ ಮಾರೋದು) ಮಾಡು ಅಂತ ಒಂದು ಟೆಲಿಗ್ರಾಂ ಟಿಪ್ಸ್ ಗ್ರೂಪಿಗೂ ಸೇರಿಸಿದಾನೆ. ಮಾಡ್ಬಹುದಾ?

ಉತ್ತರ: ಅಡಿಕೆ ಮಾರೋರಿಗೆ ಈ ಲೆಕ್ಕ ಹೊಸದೇನಲ್ಲ. ಕೊಳೆ ರೋಗ ಜೋರು, ಫಸಲು ಕಮ್ಮಿ ಅಂತ ಮಳೆಗಾಲದಲ್ಲೇ ಸುದ್ದಿ ಹಬ್ಬಿದ್ರೆ ಧಾರಣೆ ಆಗ್ಲೇ ಏರಿರುತ್ತೆ, ಆಮೇಲೆ ಕೊಯ್ಲಾದಾಗ ಫಸಲು ಕಮ್ಮಿನೇ ಬಂದ್ರೂ ಅಂದ್ಕೊಂಡಷ್ಟೇನೂ ಕಮ್ಮಿ ಇಲ್ಲ ಅಂತ ಗೊತ್ತಾದ್ರೆ ರೇಟು ಇಳಿಯುತ್ತೆ ತಾನೆ. ಶೇರೂ ಹಂಗೇ, ಜನ ಎಷ್ಟು ನಿರೀಕ್ಷೆ ಇಟ್ಕೊಂಡಿದ್ರು, ಬಂದಿದ್ದೆಷ್ಟು, ಆ ವ್ಯತ್ಯಾಸಕ್ಕೆ ಅಲ್ಲಾಡೋದು.

ಎಚ್‌ಡಿಎಫ್‌ಸಿ ಬ್ಯಾಂಕ್ ನೋಡಿ. 2024ರ ಜನವರಿ 16ಕ್ಕೆ ರಿಸಲ್ಟ್ ಬಂತು, ಆ ಕ್ವಾರ್ಟರ್ (ಮೂರು ತಿಂಗಳ) ಲಾಭ 16 ಸಾವಿರ ಕೋಟಿ ದಾಟಿತ್ತು, ಹಿಂದಿನ ವರ್ಷದ ಅದೇ ಕ್ವಾರ್ಟರ್‌ಗಿಂತ ಸುಮಾರು 33% ಜಾಸ್ತಿ. ಮಾರನೇ ದಿನ ಶೇರು 8%ಗಿಂತ ಜಾಸ್ತಿ ಕುಸೀತು! ಯಾಕಂದ್ರೆ 2023 ಜುಲೈನಲ್ಲಿ ಎಚ್‌ಡಿಎಫ್‌ಸಿ ಲಿಮಿಟೆಡ್ ಅನ್ನೋ ಮನೆ ಸಾಲದ ಕಂಪನಿ ಬ್ಯಾಂಕಿಗೆ ವಿಲೀನ ಆಗಿದ್ರಿಂದ ಹಳೇ ಲಾಭದ ಜೊತೆ ಹೋಲ್ಸೋದೇ ಸರಿ ಇರ್ಲಿಲ್ಲ, ದೊಡ್ಡ ಫಂಡಿನೋರು ನೋಡಿದ್ದು ಡೆಪಾಸಿಟ್ ನಿಧಾನಕ್ಕೆ ಬೆಳೀತಿರೋದು, ಬಡ್ಡಿ ಮಾರ್ಜಿನ್ (ಸಾಲದಿಂದ ಬರೋ ಬಡ್ಡಿಗೂ ಡೆಪಾಸಿಟ್ಟಿಗೆ ಕೊಡೋ ಬಡ್ಡಿಗೂ ಇರೋ ಅಂತರ) ಮೇಲೇಳದೆ ಇರೋದು. ವಿದೇಶಿ ಫಂಡುಗಳು ಅವತ್ತೊಂದೇ ದಿನ ಮಾರ್ಕೆಟ್ಟಲ್ಲಿ 10 ಸಾವಿರ ಕೋಟಿಗೂ ಮೇಲೆ ಮಾರಿದ್ವು, ಸೆನ್ಸೆಕ್ಸ್ 1,600 ಪಾಯಿಂಟ್ ಮೇಲೆ ಬಿತ್ತು, ಏನೂ ತಪ್ಪು ಮಾಡ್ದಿರೋ ಶೇರುಗಳೂ ಜೊತೆಗೆ ಹೋದ್ವು. ಹಂಗಾಗಿ ನಿಮ್ಮ ಶೇರು ಮಾರೋ ಮುಂಚೆ ಆ ಕಂಪನಿ ಮ್ಯಾನೇಜ್‌ಮೆಂಟ್ ಮುಂದಿನ ಕ್ವಾರ್ಟರ್ ಬಗ್ಗೆ ಏನಂದಿದೆ ಅಂತ ಓದಿ, ಎಕ್ಸ್‌ಚೇಂಜ್ ವೆಬ್‌ಸೈಟಲ್ಲೇ ಸಿಗುತ್ತೆ.

ಇಂಟ್ರಾಡೇ ನನ್ ಪ್ರಕಾರ ಬೇಡ. 2022-23ರಲ್ಲಿ ಶೇರು ಇಂಟ್ರಾಡೇ ಮಾಡಿದ 10 ಜನರಲ್ಲಿ 7 ಜನ ಕಳ್ಕೊಂಡಿದಾರೆ, ಇದು ಶೇರು ಮಾರ್ಕೆಟ್ ನಿಯಂತ್ರಿಸೋ ಸಂಸ್ಥೆ ಸೆಬಿ ಕೊಟ್ಟ ಲೆಕ್ಕ. ಫ್ಯೂಚರ್ಸ್ ಆಪ್ಷನ್ಸ್ (ಮುಂದಿನ ರೇಟಿನ ಮೇಲೆ ಮಾಡ್ಕೊಳೋ ಕರಾರು) ಅಂತೂ 2024ಕ್ಕೆ ಮುಗಿದ ಮೂರು ವರ್ಷದಲ್ಲಿ 93% ಜನಕ್ಕೆ ನಷ್ಟ. ಅದ್ರ ಮೇಲೆ ಆಗುಂಬೆ ಕಡೆ ಮಳೆ ಹಿಡ್ದು ಕರೆಂಟು, ನೆಟ್‌ವರ್ಕ್ ಎರಡೂ ಹೋದ್ರೆ ನಿಮ್ಮ ಪೊಸಿಷನ್ನು, ಅಂದ್ರೆ ಕೊಂಡು ಇನ್ನೂ ಮಾರ್ದಿರೋ ಶೇರು, ನೋಡೋರ್ಯಾರು?

ಕಲೀಲೇಬೇಕು ಅಂದ್ರೆ ಡೆಲಿವರಿ (ಶೇರು ನಿಮ್ಮ ಖಾತೆಗೇ ಬರೋ ಹಂಗೆ) ತಗೊಂಡು ಕೆಲವು ವಾರ ಇಟ್ಕೊಳೋ ಸ್ವಿಂಗ್ ಮಾಡಿ. ಚಾರ್ಟಿನ ಸಪೋರ್ಟು (ಬೀಳೋ ರೇಟು ಸಾಮಾನ್ಯವಾಗಿ ನಿಲ್ಲೋ ಮಟ್ಟ), ರೆಸಿಸ್ಟೆನ್ಸು (ಏರೋ ರೇಟು ಸಾಮಾನ್ಯವಾಗಿ ನಿಲ್ಲೋ ಮಟ್ಟ), 200 ದಿನದ ಸರಾಸರಿ ಗೆರೆ ಇವ್ಯಾವೂ ಭವಿಷ್ಯ ಹೇಳಲ್ಲ, ಎಲ್ಲಿ ಹೊರಗೆ ಬರ್ಬೇಕು ಅಂತ ಮೊದಲೇ ಗುರುತು ಮಾಡ್ಕೊಳಕ್ಕೆ ಸಾಕು. ಒಂದ್ ಲಕ್ಷದಲ್ಲಿ ಒಂದು ಟ್ರೇಡಿಗೆ 1% ಅಂದ್ರೆ ಸಾವಿರ ರೂಪಾಯಿ ಮಾತ್ರ ಹೋಗ್ಲಿ ಅಂತಿಟ್ಕೊಳಿ. 500ಕ್ಕೆ ತಗೊಂಡ್ರಿ, ಸ್ಟಾಪ್‌ಲಾಸ್ 480 (ರೇಟು ಅಲ್ಲಿಗಿಳಿದ್ರೆ ತಾನಾಗೇ ಮಾರೋ ಆರ್ಡರ್), ಶೇರಿಗೆ 20 ರೂಪಾಯಿ ರಿಸ್ಕು, ಹಂಗಾದ್ರೆ 50 ಶೇರು, ಜಾಸ್ತಿ ಬೇಡ. ಬೆಳಿಗ್ಗೆ ರೇಟು ನೇರ 460ಕ್ಕೆ ಓಪನ್ ಆದ್ರೆ ಸ್ಟಾಪ್‌ಲಾಸ್ ಇದ್ರೂ ಡಬಲ್ ಹೋಗುತ್ತೆ, ಅದಕ್ಕೇ ರಿಸಲ್ಟ್ ಹಿಂದಿನ ದಿನ ಇಟ್ಕೋಬೇಡಿ ಅನ್ನೋದು. ತೋಟಕ್ಕೆ ಕೊಳೆ ರೋಗದ ಬೋರ್ಡೋ ಔಷಧಿ ಹೊಡೆಸೋ ದುಡ್ಡು, ಕೊಯ್ಲಿನ ಕೂಲಿ ಇದಕ್ಕೆ ಹಾಕೋದಂತೂ ಬೇಡ್ವೇ ಬೇಡ.

ಇನ್ನು ಆ ಗ್ರೂಪು. ಟಿಪ್ಸ್ ಕೊಡೋರಿಗೆ ಐಎನ್‌ಎಚ್ ಅಥವಾ ಐಎನ್‌ಎ ಅಂತ ಶುರುವಾಗೋ ಸೆಬಿ ನಂಬರ್ ಇರ್ಬೇಕು, ಅದು ನಿಜಾನಾ ಅಂತ ಸೆಬಿ ಸೈಟಲ್ಲೇ ನೋಡ್ಬಹುದು. ಇಲ್ದಿರೋರು ಸಾಮಾನ್ಯವಾಗಿ ವ್ಯಾಪಾರನೇ ಇಲ್ಲದ ಸಣ್ಣ ಶೇರು ಮೊದಲೇ ಕೊಂಡಿಟ್ಟು ನಿಮಗೆ ತಗೊಳಿ ಅಂತಾರೆ, ನೀವೆಲ್ಲ ತಗೊಂಡು ರೇಟು ಏರಿದ್ಮೇಲೆ ಅವರು ಮಾರ್ತಾರೆ, ಆಮೇಲೆ ದಿನಾ ಲೋವರ್ ಸರ್ಕ್ಯೂಟು (ಒಂದಿನದಲ್ಲಿ ಬೀಳಬಹುದಾದ ಮಿತಿ ಮುಟ್ಟೋದು), ಮಾರೋಣ ಅಂದ್ರೆ ಕೊಳ್ಳೋರೇ ಇರಲ್ಲ. ಭಾವಂಗೆ ಬೇಜಾರಾದ್ರೂ ಆಗ್ಲಿ, ಇವತ್ತೇ ಹೊರಗೆ ಬನ್ನಿ.