ಮಕ್ಕಳ ಮೋಟೋಕ್ರಾಸ್ ಬೈಕಿಗೆ ಹಳೆ ಪಾರ್ಟ್ಸ್ ಎಲ್ಲಿ ಸಿಗುತ್ತೆ? ಮೊದಲು ಚಾಸಿ ನಂಬರಿನ ಹತ್ತನೇ ಅಕ್ಷರ ನೋಡಿ

ಗಂಗಾವತಿಯಿಂದ ಕೇಳಿದ್ದೀರಿ, ಮಗನ ಕವಾಸಾಕಿ ಕೆಎಕ್ಸ್ 65 ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸ್) ಬೈಕಿಗೆ ಹೊಂದುವ ಹಳೆ ಪಾರ್ಟ್ಸ್ ಬಳ್ಳಾರಿ, ಹುಬ್ಬಳ್ಳಿ ಕಡೆ ಯಾವ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತೆ ಅಂತ. ಓದಿ ನಗು ಬಂತು, ಹೊಟ್ಟೆಯೂ ಉರಿಯಿತು. ಕೆಲವು ವರ್ಷದ ಹಿಂದೆ ಇದೇ ಪ್ರಶ್ನೆ ಹೊತ್ತುಕೊಂಡು ನಾನು ಬಳ್ಳಾರಿಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ್ದೆ.

ನಮ್ಮದು ಕೆಟಿಎಂ 85 ಎಸ್‌ಎಕ್ಸ್. ಮಗಳಿಗೆ ಆಗ ಹನ್ನೊಂದು ವರ್ಷ. ಬೆಂಗಳೂರಿನಲ್ಲಿ ಇಬ್ಬರು ಓಡಿಸಿ ಬಿಟ್ಟ ಗಾಡಿಯನ್ನು ಕೊಂಡು ಟಾಟಾ ಏಸ್‌ನಲ್ಲಿ ಹಾಕಿಕೊಂಡು ಬಂದೆವು. ಸಂಡೂರು ಕಡೆ ಗೆಳೆಯನ ಹೊಲ ಇದೆ, ಅಲ್ಲೇ ಮಣ್ಣಿನ ದಿಬ್ಬ ಮಾಡಿಕೊಂಡು ಓಡಿಸುತ್ತಿದ್ದಳು. ಆ ಕಡೆಯ ಕೆಂಪು ಧೂಳು ನಿಮಗೆ ಗೊತ್ತೇ ಇದೆ, ಬಾಗಿಲು ಹಾಕಿದ ಮನೆಯೊಳಗೂ ಬಂದು ಕೂರುತ್ತದೆ. ಏರ್ ಫಿಲ್ಟರಿನ ಫೋಮ್ ತೊಳೆದು ಎಣ್ಣೆ ಹಚ್ಚದೆ ಭಾನುವಾರದ ಮೇಲೆ ಭಾನುವಾರ ಓಡಿಸಿದೆವು. ಧೂಳು ಒಳಗೆ ಹೋಗಿ ರಿಂಗು, ಪಿಸ್ಟನ್ನು, ಸಿಲಿಂಡರು ಮೂರನ್ನೂ ತಿಂದು ಹಾಕಿತು. ಅದೂ ನನ್ನ ತಪ್ಪೇ. ಆದರೆ ದುಡ್ಡು ಮುಳುಗಿಸಿದ ತಪ್ಪು ಅದಲ್ಲ.

ಮೋಟೋಕ್ರಾಸ್ ಬೈಕು ರಸ್ತೆಗೆ ಇಳಿಸುವ ಗಾಡಿಯಲ್ಲ, ಆರ್‌ಟಿಒದಲ್ಲಿ ರಿಜಿಸ್ಟರ್ ಆಗುವುದಿಲ್ಲ, ಹಾಗಾಗಿ ಆರ್‌ಸಿ ಅನ್ನುವುದೇ ಇಲ್ಲ. ನಾವೋ ಹುಟ್ಟಿದಾಗಿನಿಂದ ಗಾಡಿ ಯಾವ ಮಾಡೆಲ್ ಅಂದರೆ ಆರ್‌ಸಿ ತೆಗೆದು ನೋಡಿದ ಜನ. ನನ್ನ ಕೈಲಿದ್ದದ್ದು ಮೊದಲ ಮಾಲೀಕರ ಬಿಲ್ಲಿನ ಜೆರಾಕ್ಸ್ ಒಂದೇ, ಅದರಲ್ಲಿ 2017 ಅಂತಿತ್ತು. ಸರಿ, 2017ರ ಮಾಡೆಲ್ ಅಂದುಕೊಂಡೆ. ಕೊಯಮತ್ತೂರಿನವರೊಬ್ಬರು 2017ರ 85 ಎಸ್‌ಎಕ್ಸ್ ಸಿಲಿಂಡರು, ಪಿಸ್ಟನ್ ಸಮೇತ ಹದಿನೆಂಟು ಸಾವಿರಕ್ಕೆ ಅಂದರು. ಫೋಟೋ ನೋಡಿದೆ, ಚೆನ್ನಾಗಿತ್ತು, ದುಡ್ಡು ಹಾಕಿದೆ.

ಎಡವಿದ್ದು ಎಲ್ಲಿ ಗೊತ್ತಾ? ಈ ಬೈಕುಗಳ ಮಾಡೆಲ್ ವರ್ಷ ಕ್ಯಾಲೆಂಡರ್ ಪ್ರಕಾರ ನಡೆಯುವುದಿಲ್ಲ. 2018ರ ಮಾಡೆಲ್ 2017ರ ಮಧ್ಯದಲ್ಲೇ ಮಾರಾಟಕ್ಕೆ ಬಂದಿರುತ್ತದೆ. ಅಂದರೆ ಬಿಲ್ಲು 2017, ಗಾಡಿ 2018. ಬೇರೆ ವರ್ಷವಾಗಿದ್ದರೆ ನಡೆದುಹೋಗುತ್ತಿತ್ತೇನೋ, ಆದರೆ 85 ಎಸ್‌ಎಕ್ಸ್‌ನ ಇಂಜಿನ್ನು, ಫ್ರೇಮು ಪೂರ್ತಿ ಹೊಸದಾಗಿದ್ದು ಅದೇ 2018ರಲ್ಲಿ. ಹೆಸರು ಅದೇ, ಸಿಸಿ ಅದೇ, ಬಣ್ಣವೂ ಅದೇ ಕಿತ್ತಳೆ, ಒಳಗಿನ ಇಂಜಿನ್ ಮಾತ್ರ ಬೇರೆ. ಇದು ತಿಳಿಯಲು ಒಂದು ನಿಮಿಷ ಸಾಕಿತ್ತು. ಹ್ಯಾಂಡಲ್ ಕೆಳಗೆ ಫ್ರೇಮಿನ ಮೇಲೆ ಹದಿನೇಳು ಅಕ್ಷರದ ಚಾಸಿ ನಂಬರ್ ಕೊರೆದಿರುತ್ತದೆ. ಎಡದಿಂದ ಎಣಿಸಿ ಹತ್ತನೆಯದು ಮಾಡೆಲ್ ವರ್ಷ. 2010 ಅಂದರೆ ಎ, 2011 ಬಿ, ಹೀಗೇ ಹೋಗಿ 2017ಕ್ಕೆ ಎಚ್. ಐ ಅಕ್ಷರ 1ರ ಹಾಗೆ ಕಾಣುತ್ತದೆ ಅಂತ ಅದನ್ನು ಬಿಟ್ಟಿದ್ದಾರೆ, ಹಾಗಾಗಿ 2018ಕ್ಕೆ ಜೆ. ನಮ್ಮ ಗಾಡಿಯದ್ದು ಜೆ. ಕೆಂಪು ಮಣ್ಣು ಒರೆಸಿ ನೋಡಿದ್ದರೆ ಕಾಣುತ್ತಿತ್ತು, ಒರೆಸಲಿಲ್ಲ. ಮಾರಿದವರು ಸುಳ್ಳು ಹೇಳಿರಲಿಲ್ಲ, ನಾನೇ ನನ್ನ ಗಾಡಿಯ ವರ್ಷ ತಪ್ಪು ಹೇಳಿದ್ದೆ. ವಾಪಸ್ ಕೇಳಲು ಬಾಯಿ ಬರಲಿಲ್ಲ.

ಕೌಲ್ ಬಜಾರ್ ಹತ್ತಿರ ಹಳೇ ಆರ್‌ಎಕ್ಸ್ 100 ಇಂಜಿನ್‌ಗಳನ್ನೇ ಬಿಚ್ಚಿ ಕಟ್ಟುವ ಮೇಸ್ತ್ರಿಯೊಬ್ಬರಿದ್ದಾರೆ. ಬಸ್ ಪಾರ್ಸಲ್ಲಿನಲ್ಲಿ ಬಂದ ಸಿಲಿಂಡರನ್ನು ನಮ್ಮ ಇಂಜಿನ್ನಿನ ಕ್ರ್ಯಾಂಕ್‌ಕೇಸ್ (ಸಿಲಿಂಡರ್ ಕೂರುವ ಕೆಳಭಾಗ) ಮೇಲೆ ಒಂದೇ ಸಲ ಇಟ್ಟು ನೋಡಿ, "ಇದು ಬ್ಯಾರೆ ಮನಿ ಸೊಸಿ ರೀ" ಅಂದರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಹಾಗಾದರೆ ಹಳೆಯದಕ್ಕೇ ಬೋರ್ ಹೊಡೆಸೋಣ್ವಾ ಅಂತ ಕೇಳಿದೆ. ಮೇಸ್ತ್ರಿ ಮುಟ್ಟಲೇ ಇಲ್ಲ. ಆರ್‌ಎಕ್ಸ್‌ನ ಸಿಲಿಂಡರ್ ಒಳಗೆ ಕಬ್ಬಿಣದ ಲೈನರ್ ಇದೆ, ಕೊರೆದು ದೊಡ್ಡ ಪಿಸ್ಟನ್ ಹಾಕಬಹುದು. ನಮ್ಮ ಗಾಡಿಯ ಸಿಲಿಂಡರ್ ಒಳಗೆ ತೆಳುವಾದ ನಿಕಲ್ ಲೇಪನ, ಲೇತ್‌ಗೆ ಕೊಟ್ಟರೆ ಅದೇ ಕಿತ್ತುಹೋಗುತ್ತದೆ. ಬೇರೆಯವರಾಗಿದ್ದರೆ ಕೊರೆದು ದುಡ್ಡು ಇಸ್ಕೊಂಡು ಕಳಿಸುತ್ತಿದ್ದರು. ಕೊನೆಗೆ ಹೊಸ ಸಿಲಿಂಡರನ್ನೇ ತರಿಸಬೇಕಾಯಿತು. ರೇಟು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಈಗ ನಿಮ್ಮ ವಿಷಯ. ಯಾವ ಅಂಗಡಿ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ನಮ್ಮ ಕಡೆ ಗುಜರಿಯಲ್ಲಿ ಸ್ಪ್ಲೆಂಡರ್ ಸಿಗುತ್ತದೆ, ಪಲ್ಸರ್ ಸಿಗುತ್ತದೆ, ಇದು ಸಿಗುವುದಿಲ್ಲ. ಈ ಪಾರ್ಟ್ಸ್ ಇರುವುದು ಮನೆಗಳಲ್ಲಿ. ಮಕ್ಕಳು ಎರಡು ವರ್ಷಕ್ಕೆ ಬೈಕಿಗಿಂತ ಎತ್ತರ ಬೆಳೆಯುತ್ತಾರೆ, ಆಮೇಲೆ ಆ ಅಪ್ಪ ಅಮ್ಮ ಬೈಕು ಮಾರಿ ಉಳಿದ ಡಬ್ಬಿ ತುಂಬ ಸಾಮಾನು ಏನು ಮಾಡುವುದು ಅಂತ ಕೂತಿರುತ್ತಾರೆ. ಬೆಂಗಳೂರು, ಕೊಯಮತ್ತೂರು, ಪುಣೆಯ ರೇಸಿಗೆ ಹೋದಾಗ ಅಂಥವರ ಪರಿಚಯ ಮಾಡಿಕೊಳ್ಳಿ.

ನೀವು ಪುಣ್ಯವಂತರು ಕೂಡ. ಕೆಎಕ್ಸ್ 65 ಬಂದಿದ್ದು 2000ದಲ್ಲಿ, ಅಲ್ಲಿಂದ ಇಲ್ಲಿವರೆಗೆ ಇಂಜಿನ್ ಹೆಚ್ಚು ಕಡಿಮೆ ಹಾಗೇ ಇದೆ. ಯಾರಾದರೂ ಹಳದಿ ಬಣ್ಣದ ಸುಜುಕಿ ಆರ್‌ಎಂ 65ರ ಸಾಮಾನು ಇದೆ ಅಂದರೆ ಬೇಡ ಅನ್ನಬೇಡಿ, ಅದೂ ಕೆಎಕ್ಸೇ, ಹೆಸರು ಬೇರೆ ಅಷ್ಟೆ. ಆದರೂ ಚಾಸಿ ನಂಬರ್ ನೋಡಿ, ನೆಟ್‌ನಲ್ಲಿ ಸಿಗುವ ಪಾರ್ಟ್ಸ್ ಪಟ್ಟಿಯಲ್ಲಿ ನಿಮ್ಮ ಗಾಡಿಗೂ ಸಾಮಾನು ಬಿಚ್ಚಿದ ಗಾಡಿಗೂ ಪಾರ್ಟ್ ನಂಬರ್ ಒಂದೇನಾ ಅಂತ ನೋಡಿಯೇ ದುಡ್ಡು ಹಾಕಿ. ಫೋಟೋ ನಂಬಬೇಡಿ. ಪ್ಲಾಸ್ಟಿಕ್, ಲಿವರ್, ಟ್ಯಾಂಕ್, ವ್ಹೀಲ್ ಹಳೆಯದಾದರೆ ಪರವಾಗಿಲ್ಲ. ಪಿಸ್ಟನ್, ರಿಂಗ್, ಬೇರಿಂಗ್ ಹಳೆಯದು ಬಿಟ್ಟಿ ಕೊಟ್ಟರೂ ತಗೋಬೇಡಿ.

ಅಂದಹಾಗೆ ಆ ಹದಿನೆಂಟು ಸಾವಿರದ ಸಿಲಿಂಡರ್ ಇನ್ನೂ ನಮ್ಮನೆ ಅಟ್ಟದ ಮೇಲಿದೆ. ಓದುವವರಲ್ಲಿ ಯಾರದ್ದಾದರೂ 85 ಎಸ್‌ಎಕ್ಸ್ ಇದ್ದು ಹತ್ತನೇ ಅಕ್ಷರ ಎಚ್ ಇದ್ದರೆ ಕೆಳಗೆ ಹೇಳಿ, ಅರ್ಧ ರೇಟಿಗೆ ಕೊಡುತ್ತೇನೆ.