ಡ್ಯೂಕ್ 390: ಪ್ಯಾಡಾಕ್ ಸ್ಟ್ಯಾಂಡಾ, ಸಿಜರ್ ಜ್ಯಾಕಾ?

ಕೆಟಿಎಂ ಡ್ಯೂಕ್ 390 ಬೈಕ್ ಎತ್ತೋಕೆ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ; ಚೈನ್ ಕ್ಲೀನಿಂಗ್, ಹಿಂದಿನ ಚಕ್ರ ಬಿಚ್ಚೋದು, ಇಷ್ಟೇ ಕೆಲಸ ಅಂದಿದ್ದೀರಿ. ಹಾಗಾದರೆ ಹಿಂದಿನ ಚಕ್ರ ಮೇಲೆತ್ತಿ ಬೈಕ್ ನೆಟ್ಟಗೆ ನಿಲ್ಲಿಸೋ ಹಿಂಬದಿ ಪ್ಯಾಡಾಕ್ ಸ್ಟ್ಯಾಂಡೇ ಸಾಕು. ನಿಮ್ಮದು 2015ರ ಮಾಡೆಲ್, ಸೈಲೆನ್ಸರ್ ಎಂಜಿನ್ ಅಡಿಯಲ್ಲೇ ಇದೆ. ಬೈಕನ್ನ ಅಡಿಯಿಂದ ಎತ್ತೋ ಸಿಜರ್ ಜ್ಯಾಕ್ ಇಟ್ಟರೆ ಭಾರವೆಲ್ಲ ಅದರ ಮೇಲೇ ಬೀಳುತ್ತೆ.

ಎಲ್ ಆಕಾರದ ರಬ್ಬರ್ ಪ್ಯಾಡ್ ಇರೋ ಸ್ಟ್ಯಾಂಡ್ ಬೇಡ, ಹಿಂದಿನ ಚಕ್ರ ಹಿಡಿದಿರೋ ತೋಳು, ಅಂದರೆ ಸ್ವಿಂಗ್‌ಆರ್ಮ್ ಮೇಲೆ ಜಾರುತ್ತೆ. ಆ ತೋಳಿನ ಎರಡೂ ಬದಿಗೆ ಸ್ಪೂಲ್ (ಸ್ಟ್ಯಾಂಡ್ ಕೊಕ್ಕೆ ಕೂರೋ ಗುಬುಟು) ಹಾಕಿಸಿ, ವಿ ಆಕಾರದ ಕೊಕ್ಕೆ ಇರೋ ಸ್ಟ್ಯಾಂಡ್ ತಗೊಳ್ಳಿ. ಸ್ಪೂಲ್ ಬೋಲ್ಟ್ ಎಂ6, ಎಂ8, ಎಂ10 (6, 8, 10 ಮಿ.ಮೀ. ದಪ್ಪ) ಮೂರು ಸೈಜಲ್ಲಿ ಸಿಗುತ್ತೆ. ಕೆಟಿಎಂಗೆ ಸಾಮಾನ್ಯವಾಗಿ ಎಂ10, ಆದರೂ ತೂತು ಅಳೆದೇ ಕೊಳ್ಳಿ. ತಪ್ಪು ಬೋಲ್ಟ್ ಒತ್ತಿ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಹೋದಂಗೇ.

ಎತ್ತೋ ಮೊದಲು ಮುಂದಿನ ಬ್ರೇಕ್ ಲಿವರನ್ನ ಗಟ್ಟಿ ರಬ್ಬರ್ ಬ್ಯಾಂಡಿಂದ ಕಟ್ಟಿ. ಕಟ್ಟದೇ ಇದ್ದರೆ ಇಳಿಜಾರು ಅಂಗಳದಲ್ಲಿ ಬೈಕ್ ಮುಂದಕ್ಕೆ ಉರುಳಿ ಸ್ಟ್ಯಾಂಡಿಂದ ಕೆಳಗೆ ಬೀಳಬಹುದು. ಹಿಂದಿನ ಚಕ್ರದ ಆಕ್ಸಲ್ ನಟ್ ಮಾತ್ರ ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿಕೊಳ್ಳಿ, ಉದ್ದ ಪಾನಾ ಎಳೆದಾಗ ಸ್ಟ್ಯಾಂಡ್ ಅಲ್ಲಾಡುತ್ತೆ. ಚೈನ್ ಒರೆಸುವಾಗ ಚಕ್ರ ಕೈಯಲ್ಲೇ ತಿರುಗಿಸಿ. ಎಂಜಿನ್ ಓಡಿಸಿ ಗೇರ್ ಹಾಕಿ ಒರೆಸೋರಿದ್ದಾರೆ, ಬಟ್ಟೆ ಜೊತೆ ಬೆರಳೂ ಸ್ಪ್ರಾಕೆಟ್‌ಗೆ ಹೋಗುತ್ತೆ.

ಮುಂದೊಂದು ದಿನ ಮೋನೋಶಾಕ್ (ಹಿಂದಿನ ಒಂಟಿ ಶಾಕ್ ಅಬ್ಸಾರ್ಬರ್) ಬಿಚ್ಚೋ ಯೋಚನೆ ಇದ್ದರೆ ಈ ಸ್ಟ್ಯಾಂಡ್ ಆಗಲ್ಲ. ಇದು ಹಿಡಿಯೋದು ಸ್ವಿಂಗ್‌ಆರ್ಮನ್ನ. ಶಾಕ್ ತೆಗೆದ ಕ್ಷಣ ಬೈಕಿನ ಹಿಂಭಾಗ ಕುಸಿಯುತ್ತೆ. ಅದಕ್ಕೆ ಫ್ರೇಮ್ ಹಿಡಿದು ಎತ್ತೋ ಸ್ಟ್ಯಾಂಡೇ ಬೇಕು.